ಹೊಕ್ಕುಳಬಳ್ಳಿ ಇಡುವ ಜಾಗ

"ನೀನಾ?"

ಕವೆಹಿ ಇಟ್ಟ ಹೆಜ್ಜೆಯಲ್ಲೇ ನಿಂತಳು.

ಸೂರ್ಯ ಆಗಷ್ಟೇ ಮೋಡಗಳ ಮೇಲಕ್ಕೆ ಬಂದಿದ್ದ. ಸೂರ್ಯೋದಯ ನೋಡಲು ಬಂದಿದ್ದವರು ಹೊದ್ದ ಕಂಬಳಿಗಳನ್ನು ಬಿಗಿಯಾಗಿ ಹಿಡಿದುಕೊಂಡು ತಮ್ಮ ತಮ್ಮ ಕಾರುಗಳ ಕಡೆಗೆ ಓಡುತ್ತಿದ್ದರು. ಹಲೆಆಕಲಾ ಜ್ವಾಲಾಮುಖಿ ಬೆಟ್ಟದ ನೆತ್ತಿಯ ಗಾಳಿ ಯಾರನ್ನೂ ಹೆಚ್ಚು ಹೊತ್ತು ನಿಲ್ಲಗೊಡುವುದಿಲ್ಲ. ಆ ಗಾಳಿಯಲ್ಲಿ, ಬೆಟ್ಟದ ಬಾಯೊಳಗೆ ಇಳಿಯುವ ದಾರಿಯ ಮೊದಲಿಗೆ, ಹೇಸರಗತ್ತೆಯೊಂದರ ಹಗ್ಗ ಹಿಡಿದು ಅವನೊಬ್ಬ ಮಾತ್ರ ಅಲುಗಾಡದೆ ನಿಂತಿದ್ದ.

ಕಪೋನೋ. ಅವಳ ಗಂಡ.

ಒಂದೇ ದ್ವೀಪದಲ್ಲಿದ್ದೂ ಮೂರು ವರ್ಷದಿಂದ ಅವಳೊಡನೆ ಒಂದು ಮಾತಾಡದ ಗಂಡ!

"ಟೂಟೂ ನಿನಗೆ ಹೇಳಲಿಲ್ವಾ?" ಎಂದ ಅವನು ಮೆಲ್ಲಗೆ. ಟೂಟೂ ಎಂದರೆ ಅವಳ ಅಜ್ಜಿ.

"ದಾರಿ ತೋರಿಸೋಕೆ ಒಬ್ಬ ಹುಡುಗ ಇರ್ತಾನೆ ಅಂದ್ಲು ಅಜ್ಜಿ. ಹುಡುಗ ಅಂತೆ, ಹುಡುಗ!"

"ಟೂಟೂ ಕಣ್ಣಿಗೆ ಚರ್ಚಿನ ಮುದಿ ಪಾದ್ರಿಯೂ ಹುಡುಗನೇ."

ಕವೆಹಿ ನಗಲಿಲ್ಲ. ಹಿಂತಿರುಗಿ ನೋಡಿದಳು. ಅವಳನ್ನು ಮಕವಾವೋ ಪೇಟೆಯಿಂದ ಕರೆತಂದು ಬಿಟ್ಟ ಚಿಕ್ಕಪ್ಪನ ಗಾಡಿ ಆಗಲೇ ತಿರುವು ದಾಟಿ ಮರೆಯಾಗಿತ್ತು. ಚಿಕ್ಕಪ್ಪನೂ ಈ ಹೂಟದಲ್ಲಿ ಸೇರಿದ್ದಾನೆ ಎಂಬುದು ಅವಳಿಗೆ ಆಗ ಹೊಳೆಯಿತು. ದಾರಿಯುದ್ದಕ್ಕೂ ಒಂದು ಮಾತೂ ಆಡದೆ ಸೀಟಿ ಹಾಕುತ್ತಾ ಬಂದಿದ್ದ, ಕಳ್ಳ!

ವಾಪಸ್ಸು ಹೋಗಿಬಿಡಲೇ? ಎಂದುಕೊಂಡಳು.

ಆದರೆ ಎದೆಯ ಹತ್ತಿರ, ಉಣ್ಣೆ ಅಂಗಿಯ ಒಳಜೇಬಿನಲ್ಲಿ, ಒಂದು ಪುಟ್ಟ ಗಂಟು ಇತ್ತು. ಹಿತ್ತಲಿನ ಹಸಿರು ಎಲೆಯಲ್ಲಿ ಸುತ್ತಿ, ನಾರಿನಿಂದ ಕಟ್ಟಿದ ಗಂಟು. ಅವಳ ತಂಗಿ ನೋಹೆಯಾಳ ಹಸುಗೂಸು ಮೋಮಿಯ ಒಣಗಿ ಬಿದ್ದ ಹೊಕ್ಕುಳಬಳ್ಳಿ ಅದರಲ್ಲಿತ್ತು.

ಕವೆಹಿಯ ತಾಯಿಯ ಕಡೆಯವರು ಎಷ್ಟೋ ತಲೆಮಾರಿನಿಂದ ತಮ್ಮ ಮಕ್ಕಳ ಹೊಕ್ಕುಳಬಳ್ಳಿಯನ್ನು ಈ ಬೆಟ್ಟದ ಹೊಟ್ಟೆಯೊಳಗೆ, ಒಂದು ಕಲ್ಲಿನ ಬಿರುಕಿನಲ್ಲಿ, ಬಚ್ಚಿಟ್ಟು ಬರುತ್ತಾರೆ. ಹಾಗೆ ಇಟ್ಟರೆ ಮಗು ಬೆಟ್ಟದಷ್ಟು ಗಟ್ಟಿಯಾಗಿ ಬಾಳುತ್ತದೆ. ಇಡದೆ ಉದಾಸೀನ ಮಾಡಿ, ಅದನ್ನು ಇಲಿ ಕಚ್ಚಿಕೊಂಡು ಹೋಯಿತೋ, ಮಗು ಕಳ್ಳನಾಗುತ್ತದೆ. ಆ ಬಿರುಕು ಎಲ್ಲಿದೆ ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಒಬ್ಬರು ಇನ್ನೊಬ್ಬರನ್ನು ಕರೆದೊಯ್ದು ತೋರಿಸಬೇಕು, ಅಷ್ಟೆ.

ಕವೆಹಿಯ ತಾತ ಕಣ್ಣು ಮುಚ್ಚುವ ಮೊದಲು ಆ ಜಾಗವನ್ನು ತೋರಿಸಿದ್ದು ಮನೆಯ ಹೊಸ ಅಳಿಯನಿಗೆ. ಬೆಟ್ಟದೊಳಗೆ ಚಾರಣಿಗರು ತಂಗುವ ಮರದ ಮನೆಗಳಿಗೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದ ಕಪೋನೋಗೆ. ಕಾಲು ಸೋತಿದ್ದ ತಾತನನ್ನು ಹೇಸರಗತ್ತೆಯ ಮೇಲೆ ಕೂರಿಸಿ ಕೊನೆಯ ಸಲ ಕೆಳಗಿಳಿಸಿದ್ದು ಅವನೇ.

ಈಗ ನೋಹೆಯಾಳಿಗೆ ಹೆರಿಗೆಯ ಹೊಲಿಗೆ ಇನ್ನೂ ಮಾಗಿಲ್ಲ. ಅವಳ ಗಂಡ ಹಡಗಿನ ಕೆಲಸದ ಮೇಲೆ ದೂರದ ಸಮುದ್ರದಲ್ಲಿದ್ದಾನೆ. ದೊಡ್ಡಮ್ಮನಾದ ಕವೆಹಿಯಲ್ಲದೆ ಇನ್ಯಾರು ಹೋಗಬೇಕು?

ತಾತನ ಗುಟ್ಟು ಇನ್ನೂ ಯಾವನೋ ಹುಡುಗನಿಗೆ ತಿಳಿದಿರಬೇಕು ಎಂದುಕೊಂಡು ಬಂದಿದ್ದಳು. ಆದರೆ ಇಷ್ಟು ಆಳಕ್ಕೆ ಇಳಿಯಬಲ್ಲವರಲ್ಲಿ, ಕಪೋನೋನನ್ನು ಬಿಟ್ಟರೆ ದಾರಿ ತೋರಿಸುವವರು ಇನ್ಯಾರಿದ್ದಾರೆ?

"ನಡಿ," ಎಂದಳು ಕವೆಹಿ. "ಜಾಗ ತೋರಿಸು. ಮಾತು ಬೇಡ."

"ಆಯ್ತು."

"ಆಯ್ತು ಅನ್ನೋದೂ ಬೇಡ."

ಅವನು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ.

* * *

ಇಳಿಜಾರು ಪೂರಾ ಬೂದಿ. ಕರಿ ಬೂದಿ, ಇಟ್ಟಿಗೆಯ ಪುಡಿಯಂಥ ಕೆಂಪು ಬೂದಿ. ಇಟ್ಟ ಹೆಜ್ಜೆ ಅರ್ಧ ಮೊಳ ಜಾರಿಯೇ ನಿಲ್ಲುವುದು. ಹೆಜ್ಜೆ ಜಾರುವ ಸರ್ ಸರ್ ಸದ್ದು, ಹೇಸರಗತ್ತೆಯ ಉಸಿರು... ಇವೆರಡನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಕೆಳಗೆ, ಬಹು ಕೆಳಗೆ, ಆರಿದ ಒಲೆಗಳಂತೆ ಕೆಂಪು ಗುಡ್ಡಗಳು ಅಲ್ಲಲ್ಲಿ ಕೂತಿದ್ದವು.

ಕವೆಹಿ ಮುಂದೆ ಮುಂದೆ ನಡೆದಳು. ಅವನ ಬೆನ್ನು ನೋಡುತ್ತಾ ನಡೆಯುವುದು ಅವಳಿಂದಾಗದು. ಆ ಬೆನ್ನು ತಿರುಗಿಸಿಯೇ ಅಲ್ಲವೆ ಅವನು ಅವಳನ್ನು ಬಿಟ್ಟು ಹೋದದ್ದು?

ಮೂರು ವರ್ಷದ ಹಿಂದೆ ಅವರ ಗಂಡುಮಗು ಉಸಿರಿಲ್ಲದೆ ಹುಟ್ಟಿತು. ಹತ್ತು ಬೆರಳು, ಮೂಗು, ಹುಬ್ಬು... ಎಲ್ಲವೂ ಇದ್ದವು. ಉಸಿರೊಂದು ಇರಲಿಲ್ಲ. ಮರುದಿನ ಬೆಳಿಗ್ಗೆ ಕಪೋನೋ ಅವಳ ಹಣೆಗೆ ಮುತ್ತಿಟ್ಟು, "ಬರ್ತೀನಿ" ಎಂದು ಆಸ್ಪತ್ರೆಯ ಕೋಣೆಯಿಂದ ಹೊರಗೆ ಹೋದ.

ಬರಲಿಲ್ಲ.

ಚರ್ಚಿನ ಹಿಂದಿನ ಮಣ್ಣಿನಲ್ಲಿ ಮಗುವನ್ನು ಮಲಗಿಸುವಾಗ ಊರೆಲ್ಲ ಇತ್ತು, ಅಪ್ಪ ಇರಲಿಲ್ಲ! ಅವಳು ಗೇಟಿನ ಕಡೆಯೇ ನೋಡುತ್ತಿದ್ದಳು. ಪಾದ್ರಿ ಅವಳಿಗೋಸ್ಕರ ಪ್ರಾರ್ಥನೆಯನ್ನು ಎಳೆದೆಳೆದು ಹೇಳಿದರು. ಆದರೂ ಬರಲಿಲ್ಲ.

ಮಾರನೆಯ ದಿನ ಮೈತುಂಬ ಬೂದಿ ಮೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತ. ಬೆಟ್ಟಕ್ಕೆ ಹೋಗಿದ್ದನಂತೆ! ಹೆಂಡತಿ ಅಳುತ್ತಿರುವಾಗ, ಮಗ ಮಣ್ಣಿಗೆ ಹೋಗುವಾಗ, ಇವನಿಗೆ ಬೆಟ್ಟ ಬೇಕಾಯಿತು!

"ಇನ್ನು ನನ್ನ ಕಣ್ಣಿಗೆ ಬೀಳಬೇಡ" ಎಂದಿದ್ದಳು. ಅವನು ಒಂದೂ ಮಾತಾಡದೆ ತಿರುಗಿ ಹೋದ. ಏನಾದರೂ ಹೇಳಬಾರದಿತ್ತೇ? ಒಂದು ಸುಳ್ಳನ್ನಾದರೂ?

"ಸ್ವಲ್ಪ ನಿಧಾನ," ಎಂದ ಕಪೋನೋ ಹಿಂದಿನಿಂದ. "ಇಲ್ಲಿ ಗಾಳಿ ತೆಳು. ತಲೆ ಸುತ್ತುತ್ತೆ."

"ಮಾತು ಬೇಡ ಅಂದಿದ್ದೆ."

"ನಿನಗೆ ಹೇಳಿದ್ದಲ್ಲ, ಪುಪುಲೆಗೆ ಹೇಳಿದ್ದು."

ಪುಪುಲೆ ಎಂದರೆ ಹುಚ್ಚಿ. ಅದು ಹೇಸರಗತ್ತೆಯ ಹೆಸರು. ತನ್ನ ಹೆಸರು ಕೇಳಿದ್ದೇ ತಡ, ಅದು ನಿಂತುಬಿಟ್ಟಿತು. ಹಗ್ಗ ಜಗ್ಗಿದರೂ ಕದಲಲಿಲ್ಲ.

"ನೋಡು, ಇವಳಿಗೆ ಮಾತು ಕೇಳುತ್ತೆ," ಎಂದ ಅವನು.

ಕವೆಹಿಗೆ ನಗು ಬಂತು. ಬಂದ ನಗುವನ್ನು ಕಡಿದು ನುಂಗಿದಳು. ನಗು ಬಂದದ್ದಕ್ಕೇ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಬೆಳ್ಳಿಬಣ್ಣದ ಕತ್ತಿಯಂಥ ಎಲೆಗಳ ಗಿಡಗಳಿರುವ ತಿರುವಿನಲ್ಲಿ ಇಬ್ಬರೂ ಕೂತರು. ಅವನು ಅನ್ನದುಂಡೆಯ ಪೊಟ್ಟಣ ಬಿಚ್ಚಿದ. ಅವಳು ಚಿಕ್ಕಪ್ಪನ ಬೇಕರಿಯಲ್ಲಿ ತಾನೇ ಸುಟ್ಟ ಸಿಹಿರೊಟ್ಟಿ ತೆಗೆದಳು. ಇಬ್ಬರ ನಡುವೆ ಒಂದಾಳು ಕೂರುವಷ್ಟು ಜಾಗವಿತ್ತು.

ಅವನು ಸೊರಗಿದ್ದಾನೆ, ಎಂದುಕೊಂಡಳು. ಅಂಗಿಯ ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿದೆ. ಅವನೇ ಹೊಲಿದುಕೊಂಡನೋ... ಅಥವಾ...

ಕೇಳಬಾರದೆಂದುಕೊಂಡರೂ ಬಾಯಿ ಕೇಳಿಬಿಟ್ಟಿತು.

"ಕೌಪೋದವಳು ಹೇಗಿದ್ದಾಳೆ?"

"ಯಾರು?"

"ಏನೂ ಗೊತ್ತಿಲ್ಲದವನ ಹಾಗೆ ಆಡಬೇಡ. ಊರಿಗೆಲ್ಲ ಗೊತ್ತು. ನೀನು ಕೌಪೋಗೆ ಹೋಗೋದು, ವಾರಗಟ್ಟಲೆ ಅಲ್ಲೇ ಇರೋದು, ಬರುವಾಗ ಹಾಡು ಹೇಳ್ಕೊಂಡು ಬರೋದು."

ಕಪೋನೋ ಅನ್ನದುಂಡೆಯನ್ನು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. ಆಮೇಲೆ ಹೇಸರಗತ್ತೆಯನ್ನು ನೋಡಿದ.

"ಇಗೋ, ಇವಳೇ. ಕೌಪೋದ ಸಂಬಂಧ. ಹಾಡು ಹೇಳದಿದ್ದರೆ ಮುಂದೆ ಹೆಜ್ಜೆ ಇಡ್ತಿರಲಿಲ್ಲ. ಪಳಗಿಸೋಕೆ ಮೂರು ವಾರ ಬೇಕಾಯ್ತು."

ಕವೆಹಿಯ ಮುಖ ಕೆಂಪಾಯಿತು. ಪುಪುಲೆ ಹಲ್ಲು ತೋರಿಸಿ ಅವಳ ಸಿಹಿರೊಟ್ಟಿಯ ಕಡೆ ಮೂತಿ ಚಾಚಿತು.

"ಕೊಡಬೇಡ," ಎಂದ ಅವನು. "ಒಂದು ಸಲ ಕೊಟ್ಟರೆ ನಿನ್ನ ಬೇಕರಿ ತನಕ ಹಿಂದೆ ಬರ್ತಾಳೆ."

"ಬರಲಿ ಬಿಡು. ಬರೋರಾದ್ರೂ ಬರಲಿ!"

ಮಾತು ಬಾಯಿಂದ ಜಾರಿದ ಮೇಲೆ ಅವಳು ರೊಟ್ಟಿಯನ್ನು ಮತ್ತೆ ಸುತ್ತಿಟ್ಟಳು. ಗಾಳಿ ಅವರ ನಡುವೆ ಹಾಯ್ದು ಕೆಳಗಿಳಿಯಿತು.

* * *

ಬೆಟ್ಟದ ತಳ ಮುಟ್ಟುವ ಹೊತ್ತಿಗೆ ಕಡಲಿನ ಕಡೆಯ ಕಣಿವೆಯಿಂದ ಮೋಡ ನುಗ್ಗಿ ಬಂತು. ಹಾಲು ಉಕ್ಕಿದಂತೆ ಬಂತು. ಈಗ ಕಂಡ ಕೆಂಪು ಗುಡ್ಡ ಇನ್ನೊಂದು ಗಳಿಗೆಗೆ ಇಲ್ಲ. ಅಪ್ಪ ಅಮ್ಮ, ಅಜ್ಜ ಅಜ್ಜಿ, ಅವರ ಹಿಂದಿನವರು, ಎಲ್ಲರೂ ಮಕ್ಕಳ ಗಂಟನ್ನು ಎದೆಗವಚಿಕೊಂಡು ನಡೆದ ನೆಲ ಇದು. ಇಲ್ಲಿ ಜೋರಾಗಿ ಮಾತಾಡಲು ಯಾರಿಗೂ ಮನಸ್ಸು ಬರುವುದಿಲ್ಲ.

"ಹಗ್ಗ ಹಿಡ್ಕೋ," ಎಂದ ಕಪೋನೋ. "ದಾರಿ ಬಿಟ್ಟು ಕಾಲಿಡಬೇಡ. ಮೋಡ ಮುಚ್ಚಿದರೆ ನಾನೇ ಸುತ್ತು ಹೊಡೀತೀನಿ."

ಅವಳು ಹಗ್ಗದ ತುದಿ ಹಿಡಿದಳು. ಹೇಸರಗತ್ತೆಯ ಆ ಬದಿಗೆ ಅವನು, ಈ ಬದಿಗೆ ಅವಳು. ಮುಖ ಕಾಣುತ್ತಿರಲಿಲ್ಲ. ಮುಖ ಕಾಣದಿದ್ದುದರಿಂದಲೋ ಏನೋ, ಅವಳು ಕೇಳಿದಳು.

"ಟೂಟೂ ಹತ್ರ ಪ್ರತಿ ಭಾನುವಾರ ಏನು ಮಾತಾಡ್ತಿದ್ದೆ?"

ಆ ಬದಿಯಲ್ಲಿ ಹೆಜ್ಜೆಯ ಸದ್ದು ತಡವರಿಸಿತು.

"ನಾನು ಕುರುಡಿ ಅಂದ್ಕೊಂಡ್ಯಾ? ಪೂಜೆ ಮುಗಿದ ಮೇಲೆ ಮಾವಿನ ಮರದ ಕೆಳಗೆ ಅವಳು ನಿನ್ನ ಕೈ ಹಿಡ್ಕೊಂಡು ನಿಲ್ತಿದ್ಲು. ಏನು, ಬಿಡುಗಡೆ ಕೇಳಿಸ್ತಿದ್ಯಾ? ನೇರವಾಗಿ ನನ್ನನ್ನೇ ಕೇಳಬಹುದಿತ್ತಲ್ಲ!"

"ಬಿಡುಗಡೆ ಅಲ್ಲ, ಕವೆಹಿ."

"ಮತ್ತೇನು?"

"ಆ ಜಾಗಕ್ಕೆ ಹೋಗೋಣ. ಅಲ್ಲಿ ಹೇಳ್ತೀನಿ."

ಎಷ್ಟು ದಿನದ ಮೇಲೆ ಅವನ ಬಾಯಲ್ಲಿ ತನ್ನ ಹೆಸರು! ಅವಳು ಮೋಡದ ತೇವವೆಂಬಂತೆ ಕಣ್ಣೊರೆಸಿಕೊಂಡಳು.

* * *

ಆ ಜಾಗ ಎಲ್ಲಿ ಎಂದು ಬರೆಯುವುದು ಸರಿಯಲ್ಲ. ಕರಗಿ ಹರಿದು ಹೆಪ್ಪುಗಟ್ಟಿದ ಕಲ್ಲು, ಅದರಲ್ಲೊಂದು ಬಿರುಕು, ಬಿರುಕಿನ ಅಂಚಿಗೆ ಬೆರಳುದ್ದದ ಜರಿಗಿಡ. ಇಷ್ಟು ಸಾಕು.

ಕಪೋನೋ ಟೋಪಿ ತೆಗೆದ. ಕವೆಹಿ ಮೊಣಕಾಲೂರಿ ಕೂತು ಗಂಟನ್ನು ಹೊರಗೆ ತೆಗೆದಳು. ಟೂಟೂ ಕಲಿಸಿಕೊಟ್ಟಂತೆ ಮಗುವಿನ ಹೆಸರು ಹೇಳಿದಳು, ತಾಯಿಯ ಹೆಸರು ಹೇಳಿದಳು, ತಾಯಿಯ ತಾಯಿಯ ಹೆಸರು ಹೇಳಿದಳು.

"ದೇವರೇ, ಇವಳು ಮೋಮಿ. ನಮ್ಮ ಮನೆ ಮಗು. ಇವಳ ಕಾಲು ಗಟ್ಟಿಯಾಗಿರಲಿ. ಇವಳ ಕೈ ಬೇರೆಯವರ ವಸ್ತುವಿಗೆ ಹೋಗದಿರಲಿ. ಇವಳು ಎಲ್ಲೇ ಹೋದರೂ ಈ ನೆಲಕ್ಕೆ ಸೇರಿದವಳು ಅನ್ನೋದು ಮರೀದಿರಲಿ. ಆಮೆನೆ."

"ಆಮೆನೆ," ಎಂದ ಕಪೋನೋ.

ಅವಳು ಗಂಟನ್ನು ಬಿರುಕಿನೊಳಗೆ ಇಳಿಸಿ, ತೋಳು ಹೋಗುವಷ್ಟು ಆಳಕ್ಕೆ ತಳ್ಳಿ, ಸಣ್ಣ ಕಲ್ಲೊಂದನ್ನು ಅಡ್ಡ ಇಟ್ಟಳು. ತನ್ನ ಮಗುವಿಗೆ ಮಾಡಬೇಕಾಗಿದ್ದ ಕೆಲಸವನ್ನು ತಂಗಿಯ ಮಗುವಿಗೆ ಮಾಡಿದ್ದಳು. ಅಸೂಯೆಯಲ್ಲ, ದೇವರಾಣೆಗೂ ಅಸೂಯೆಯಲ್ಲ. ಆದರೆ ಹೊಟ್ಟೆಯೊಳಗೆ ಏನೋ ಒಂದು ಖಾಲಿ ಪಾತ್ರೆಯಂತೆ ಸದ್ದು ಮಾಡಿತು.

ಎದ್ದು ಬಟ್ಟೆ ಕೊಡವಿಕೊಂಡಳು.

"ಮುಗೀತು. ನಡಿ."

ಅವನು ಕದಲಲಿಲ್ಲ.

"ಕಪೋನೋ, ನಡಿ ಅಂದೆ."

"ಇನ್ನೊಂದಿದೆ," ಎಂದ ಅವನು.

"ಇನ್ನೊಂದು ಏನು?"

ಅವನು ಹೇಸರಗತ್ತೆಯ ಜೀನಿನ ಚೀಲಕ್ಕೆ ಕೈಹಾಕಿ, ಒಣಗಿದ ಸೋರೆಬುರುಡೆಯೊಂದನ್ನು ತೆಗೆದ. ಮುಷ್ಟಿಯಷ್ಟಿದ್ದ ಆ ಬುರುಡೆಯ ಬಾಯಿಗೆ ಮೇಣ ಬಳಿದಿತ್ತು. ಮೇಣವನ್ನು ಉಗುರಿನಿಂದ ಬಿಡಿಸುವಾಗ ಅವನ ಕೈ ಎರಡು ಸಲ ತಪ್ಪಿತು. ಒಳಗಿನಿಂದ ಬಂದದ್ದು ಎಲೆಯ ಒಂದು ಗಂಟು. ಎಲೆ ಕಂದಿ ಕಪ್ಪಾಗಿತ್ತು.

ಕವೆಹಿಗೆ ಯಾರೂ ಹೇಳಬೇಕಾಗಲಿಲ್ಲ. ತಾಯಿಯ ಮೈಗೆ ಗೊತ್ತಾಯಿತು.

"ಇಲ್ಲ..." ಎಂದಳು. "ಇಲ್ಲ. ಆಸ್ಪತ್ರೆಯವರು ಎಸೆದುಬಿಟ್ಟಿದ್ರು. ನಾನು ಕೇಳಿದ್ದೆ. ಅಲ್ಲಿದ್ದ ಹುಡುಗಿ ಗೊತ್ತಿಲ್ಲ ಅಂದ್ಲು. ಎಸೆದುಬಿಟ್ಟಿದ್ರು!"

"ಎಸೆಯೋಕೆ ಬಿಡಲಿಲ್ಲ. ರಾತ್ರಿ ಪಾಳಿಯ ನರ್ಸಮ್ಮನ ಕಾಲು ಹಿಡಿದು ಒಂದು ತುಂಡು ಇಸ್ಕೊಂಡೆ. ಅವರೂ ನಮ್ಮವರೇ. ಏನೂ ಕೇಳದೆ ಕೊಟ್ಟರು."

"ಮೂರು ವರ್ಷ!" ಅವಳ ದನಿ ಕಲ್ಲುಗಳಿಗೆ ತಾಗಿ ತಿರುಗಿ ಬಂತು. "ಮೂರು ವರ್ಷ ನಾನು ಅದನ್ನ ನೆನೆಸ್ಕೊಂಡು... ನನ್ನ ಮಗನ ಬಳ್ಳಿ ಯಾವ ಕಸದಲ್ಲಿ ಹೋಯ್ತೋ ಅಂತ... ನಿನ್ನ ಚೀಲದಲ್ಲಿತ್ತಾ?"

"ನನ್ನ ಚೀಲದಲ್ಲಿತ್ತು."

ಅವಳು ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು. ಅವನು ಗಂಟನ್ನು ಮೇಲಕ್ಕೆತ್ತಿ ಹಿಡಿದು, ಗುದ್ದು ತಿನ್ನುತ್ತಾ ನಿಂತ. ಅವಳಿಗೆ ಸುಸ್ತಾಗುವವರೆಗೆ ನಿಂತ.

"ಹೇಳು," ಎಂದಳು ಕೊನೆಗೆ, ಕಲ್ಲಿನ ಮೇಲೆ ಕುಸಿದು. "ಈಗಲಾದ್ರೂ ಹೇಳು."

ಅವನು ಅವಳ ಎದುರು ಬೂದಿಯಲ್ಲೇ ಕೂತ.

"ಅವನು ಮಣ್ಣಿಗೆ ಹೋಗೋ ಮೊದಲು ಇದನ್ನ ಇಲ್ಲಿ ಸೇರಿಸಬೇಕು ಅಂತ ಬಂದೆ. ಬೆಳಿಗ್ಗೆ ಇಳಿದರೆ ಸಂಜೆಗೆ ನಿನ್ನ ಹತ್ರ ಬಂದುಬಿಡಬಹುದು ಅಂದ್ಕೊಂಡಿದ್ದೆ. ಇಲ್ಲಿ, ಇದೇ ಜಾಗದಲ್ಲಿ ಕೂತೆ. ಕೈ ಒಳಗೆ ಹಾಕಿದೆ... ಆಗಲಿಲ್ಲ, ಕವೆಹಿ."

"ಯಾಕೆ?"

"ಮಗು ಗಟ್ಟಿಯಾಗಿ ಬಾಳಲಿ ಅಂತ ತಾನೆ ಇಡೋದು? ನಿಮ್ಮ ತಾತ ಅದನ್ನೇ ಹೇಳಿಕೊಟ್ಟಿದ್ರು. ಬಾಳೋಕೆ ಬಾರದ ಮಗುವಿಂದು ಇಲ್ಲಿ ಇಡಬಹುದಾ ಅಂತ ಹೇಳಿಕೊಟ್ಟಿರಲಿಲ್ಲ. ಉಳಿದ ಮಕ್ಕಳಿಗೆ ಕೇಡಾದರೆ? ಇಡದೆ ಹೋದರೆ ಇವನು ಒಬ್ಬನೇ ಆಗಿಬಿಟ್ಟರೆ? ಯಾರನ್ನ ಕೇಳಲಿ? ತಾತ ಇಲ್ಲ. ನಾನು ಈ ಮನೆಗೆ ಹುಟ್ಟಿದವನಲ್ಲ, ಬಂದವನು. ಹೀಗೇ ಕೂತಿದ್ದಾಗ ಮೋಡ ಮುಚ್ಚಿತು. ಎದ್ದು ನಡೆದೆ, ದಾರಿ ತಪ್ಪಿತು. ಎರಡು ಸಲ ಇದೇ ಕಲ್ಲಿಗೆ ವಾಪಸ್ಸು ಬಂದೆ. ಮೋಡ ಬಿಟ್ಟಾಗ... ನೀವು ಎಲ್ಲ ಮುಗಿಸಿಯಾಗಿತ್ತು."

ಅವನು ಮುಖ ತಗ್ಗಿಸಿದ.

"ಮಗನ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಲಿಲ್ಲ. ನೀನು ಕಣ್ಣಿಗೆ ಬೀಳಬೇಡ ಅಂದದ್ದು ಸರಿಯಾಗೇ ಇತ್ತು."

"ಬಾಗಿಲಲ್ಲಿ ನಿಂತಾಗ ಇದನ್ನ ಹೇಳೋಕೇನಾಗಿತ್ತು ನಿನಗೆ?"

"ಇಡೋತನಕ ಬಾಯಿ ಬಿಡಬಾರದು ಅಂತ ತಾತ ಆಣೆ ಹಾಕಿಸಿದ್ರು. ಇಟ್ಟಿರಲಿಲ್ಲವಲ್ಲ... ಜೊತೆಗೆ ನಿನ್ನ ಅತ್ತೆಯಂದಿರೆಲ್ಲ ನನ್ನನ್ನ ಹಿತ್ತಲಿಗೆ ಕರೆದು, ಮಗು ಮಾತು ಅವಳ ಮುಂದೆ ಎತ್ತಬೇಡ, ಹುಚ್ಚು ಹಿಡಿಯುತ್ತೆ ಅಂದ್ರು. ಆಮೇಲೆ ದಿನ ಹೋಗ್ತಾ ಹೋಗ್ತಾ ಹೇಳೋದು ಇನ್ನೂ ಕಷ್ಟ ಆಯ್ತು."

"ಟೂಟೂಗೆ?"

"ಅವಳಿಗೆ ನಾನು ಹೇಳಲಿಲ್ಲ. ನನ್ನ ಉಗುರಲ್ಲಿದ್ದ ಬೂದಿ ನೋಡಿಯೇ ತಿಳ್ಕೊಂಡ್ಲು. ಭಾನುವಾರ ಭಾನುವಾರ ಕೈ ಹಿಡಿದು 'ಆಯ್ತಾ?' ಅಂತಿದ್ಲು. ನಾನು 'ಇನ್ನೂ ಇಲ್ಲ, ಟೂಟೂ' ಅಂತಿದ್ದೆ. 'ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಅದು' ಅಂತ ಹೋದ ವಾರ ಹೇಳಿದಳು. ಮಾರನೇ ದಿನ ಮೋಮಿ ಬಳ್ಳಿ ವಿಷಯಕ್ಕೆ ಹೇಳಿ ಕಳಿಸಿದಳು."

ಕವೆಹಿ ಆ ಸೋರೆಬುರುಡೆಯನ್ನು ಕೈಗೆತ್ತಿಕೊಂಡಳು. ಮೇಣ ಪದರ ಪದರವಾಗಿತ್ತು. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೂ ಹೊಸದು.

"ಇದೇನು ಇಷ್ಟೊಂದು ಮೇಣ?"

"ಪ್ರತಿ ಸಲ ಇಡೋಕೆ ಅಂತ ಬಿಚ್ಚೋದು. ಆಗದೆ ಮತ್ತೆ ಮುಚ್ಚೋದು. ಈ ಮರದ ಮನೆಗಳಲ್ಲಿ ಇಲಿ ಕಾಟ ಜಾಸ್ತಿ. ರಾತ್ರಿ ತಲೆದಿಂಬಿನ ಕೆಳಗೆ ಇಟ್ಕೊಂಡೇ ಮಲಗ್ತಿದ್ದೆ."

"ಇಲಿ..." ಕವೆಹಿ ಬುರುಡೆಯನ್ನು ಮಡಿಲಲ್ಲಿಟ್ಟುಕೊಂಡಳು. "ಇಲಿ ಮುಟ್ಟಿದರೆ ಮಗು ಕಳ್ಳ ಆಗುತ್ತೆ ಅಂತಾನಾ? ನಮ್ಮ ಮಗು ಉಸಿರೇ ಆಡಲಿಲ್ಲ, ಕಪೋನೋ. ಅವನೆಲ್ಲಿ ಕಳ್ಳನಾಗ್ತಿದ್ದ?"

"ಗೊತ್ತು," ಎಂದ ಅವನು. "ಆದರೂ ಮುಟ್ಟೋಕೆ ಬಿಡಲಿಲ್ಲ."

ಆಗ ಅವಳು ಅತ್ತಳು.

ಮೂರು ವರ್ಷದಲ್ಲಿ ಎಷ್ಟೋ ಸಲ ಅತ್ತಿದ್ದಳು. ಬೇಕರಿಯ ಒಲೆಯ ಮುಂದೆ, ಬಟ್ಟೆ ಒಣಹಾಕುವಾಗ, ತಂಗಿಯ ಮಗುವನ್ನು ಮೊದಲ ಸಲ ಎತ್ತಿಕೊಂಡಾಗ ಬಚ್ಚಲಿಗೆ ಓಡಿಹೋಗಿ. ಆದರೆ ಪ್ರತಿ ಸಲವೂ ಒಬ್ಬಳೇ ಅತ್ತಿದ್ದಳು. ಆ ಮಗುವಿಗಾಗಿ ಅಳುವವಳು ಭೂಮಿಯ ಮೇಲೆ ತಾನೊಬ್ಬಳೇ ಎಂದುಕೊಂಡು ಅತ್ತಿದ್ದಳು. ಈಗ ಎದುರಿಗೆ ಕೂತ ಮನುಷ್ಯನೂ ಅಳುತ್ತಿದ್ದ. ಬೂದಿ ಮೆತ್ತಿದ ಕೆನ್ನೆಯ ಮೇಲೆ ಕಣ್ಣೀರು ಎರಡು ಗೆರೆ ಎಳೆದಿತ್ತು.

ಓಡಿಹೋದ ಎಂದುಕೊಂಡಿದ್ದೆ... ಇವನು ಮಗುವಿನ ಹತ್ತಿರವೇ ಇದ್ದ. ಇಷ್ಟು ದಿನವೂ ಮಗುವಿನ ಹತ್ತಿರವೇ ಇದ್ದ!

ಪುಪುಲೆ ಒಂದೆರಡು ಸಲ ಸೀನಿತು.

ಕಪೋನೋ ಮುಖ ಒರೆಸಿಕೊಂಡು ಕೇಳಿದ.

"ನೀನು ಹೇಳು, ಕವೆಹಿ. ಇದು ನಿನ್ನ ಮನೆಯವರ ಜಾಗ. ಇಡಬಹುದಾ? ಬೇಡ ಅಂದರೆ ಬೇಡ. ಇಟ್ಕೊಂಡಿರ್ತೀನಿ, ನನಗೇನೂ ಭಾರ ಅಲ್ಲ."

ಅವಳು ಬಿರುಕಿನ ಕಡೆ ನೋಡಿದಳು. ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಯಾರೂ ಅಲ್ಲಿರಲಿಲ್ಲ. ಕೈ ಜೋಡಿಸಿ ಕಣ್ಣು ಮುಚ್ಚಿದಳು. ದೇವರು ಮಾತಾಡಲಿಲ್ಲ. ಆದರೆ ಒಳಗೊಂದು ಹಗುರ ಬಂತು, ಎಂದೋ ತಿಳಿದಿದ್ದ ಮಾತು ನೆನಪಿಗೆ ಬಂದ ಹಾಗೆ.

"ನನ್ನ ಹೊಟ್ಟೇಲಿ ಅವನು ಒದೀತಿದ್ದ," ಎಂದಳು. "ನೆನಪಿದೆಯಾ? ನೀನು ಉಕುಲೆಲೆ ನುಡಿಸಿದರೆ ಒದೀತಿದ್ದ. ನೀನು ತಪ್ಪು ನುಡಿಸಿದ್ರೆ ಜೋರಾಗಿ ಒದೀತಿದ್ದ."

"ನಾನು ಯಾವಾಗ್ಲೂ ತಪ್ಪೇ ನುಡಿಸ್ತಿದ್ದೆ."

"ಹಾಗಾದರೆ ಬಾಳಿದ ತಾನೆ? ನಮ್ಮ ಹತ್ರ ಬಾಳಿದ. ಎಷ್ಟು ದಿನ ಅನ್ನೋದನ್ನ ಕೇಳೋಕೆ ಈ ಕಲ್ಲಿಗೇನು ಅಧಿಕಾರ? ಇಲ್ಲಿರೋರೆಲ್ಲ ಅವನ ಅಜ್ಜಂದಿರು, ಅತ್ತೆಯರು, ಅಣ್ಣತಮ್ಮಂದಿರು. ಮಗುನ ಬಾಗಿಲಲ್ಲಿ ನಿಲ್ಲಿಸಿ ನೀನು ಎಷ್ಟು ದಿನ ಇದ್ದೆ ಅಂತ ಲೆಕ್ಕ ಕೇಳ್ತಾರಾ? ಅಂಥ ಜನ ಅಲ್ಲ ನಮ್ಮೋರು."

ಕಪೋನೋ ತಲೆಯಾಡಿಸಿದ.

"ಆದರೆ ಹೆಸರು ಹೇಳಬೇಕಲ್ಲ," ಎಂದ ಸ್ವಲ್ಪ ತಡೆದು. "ನಾವು ಇಡಲೇ ಇಲ್ಲ."

ಕವೆಹಿ ತಲೆ ತಗ್ಗಿಸಿದಳು. ಹೊಸದಾಗಿ ಮದುವೆಯಾದವಳಂತೆ ನಾಚಿದಳು.

"ನಾನು ಇಟ್ಟಿದ್ದೀನಿ. ಯಾರಿಗೂ ಹೇಳಿಲ್ಲ. ಒಳಗೊಳಗೇ ಕರೀತಿದ್ದೆ... ಕೆಓಲಾ."

ಕೆಓಲಾ ಎಂದರೆ ಬದುಕು.

ಉಸಿರಾಡದ ಮಗುವಿಗೆ ತಾಯಿ ಇಟ್ಟ ಹೆಸರು ಅದು. ಕಪೋನೋ ಆ ಹೆಸರನ್ನು ಒಂದು ಸಲ ಮೆಲ್ಲಗೆ ಹೇಳಿದ. ಇನ್ನೊಂದು ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದ. ಮಗನನ್ನು ಕರೆಯುವ ಹಾಗೆಯೇ ಹೇಳಿದ.

ಇಬ್ಬರೂ ಅಕ್ಕಪಕ್ಕ ಮೊಣಕಾಲೂರಿದರು. ಗಂಟಿನ ಒಂದು ಬದಿ ಅವನ ಬೆರಳು, ಇನ್ನೊಂದು ಬದಿ ಅವಳ ಬೆರಳು. ಬಿರುಕು ಕಿರಿದು, ಎರಡು ಕೈ ಒಟ್ಟಿಗೆ ಹೋಗುವುದು ಕಷ್ಟ. ಕಲ್ಲಿಗೆ ಉಜ್ಜಿ ಅವನ ಮುಂಗೈ ತರಚಿತು. ಆದರೂ ಬಿಡಲಿಲ್ಲ.

"ದೇವರೇ," ಎಂದಳು ಕವೆಹಿ, "ಇವನು ಕೆಓಲಾ. ನನ್ನ ಮಗ, ಕಪೋನೋನ ಮಗ. ತಡವಾಗಿ ಕರ್ಕೊಂಡು ಬಂದಿದ್ದೀವಿ. ದಾರಿ ತಪ್ಪಿತ್ತು. ನಮ್ಮ ಕೈಯಿಂದ ಇವನನ್ನ ತಗೋ. ಇವನು ಪುಟ್ಟೋನು, ಚಳಿಯಾಗದ ಹಾಗೆ ನೋಡ್ಕೋ. ಆಮೆನೆ."

ಕಪೋನೋಗೆ ಆಮೆನೆ ಎನ್ನಲಾಗಲಿಲ್ಲ. ಹಣೆಯನ್ನು ಕಲ್ಲಿಗೊತ್ತಿ ಹಾಗೆಯೇ ಇದ್ದ. ಕವೆಹಿ ಅವನ ಬೆನ್ನ ಮೇಲೆ ಕೈಯಿಟ್ಟಳು.

ಆ ಬೆನ್ನು ಬೆಚ್ಚಗಿತ್ತು.

* * *

ಮರದ ಮನೆಗೆ ಸಾಮಾನು ಇಳಿಸಿ, ಆ ಬದಿಯ ಗೋಡೆಯಂಥ ಏರನ್ನು ಹತ್ತಲು ಶುರುಮಾಡಿದಾಗ ಮೋಡ ಚದುರಿತ್ತು. ಇಳಿಯುವಾಗ ಕಾಲು ಜಾರಿದಷ್ಟೇ ಸಲೀಸಾಗಿ ಹತ್ತುವುದಕ್ಕಾಗದು. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು. ನಿಂತಾಗಲೆಲ್ಲ ಇಬ್ಬರೂ ಕೆಳಗೆ ನೋಡುತ್ತಿದ್ದರು, ಆದರೆ ಎಲ್ಲಿಗೆ ನೋಡುತ್ತಿದ್ದೇವೆಂದು ಒಬ್ಬರಿಗೊಬ್ಬರು ಹೇಳಲಿಲ್ಲ.

ಏರಿನ ನಡುವಿನ ತಿರುವಿನಲ್ಲಿ ಕವೆಹಿ ಏದುಸಿರು ಬಿಡುತ್ತಾ ಕಲ್ಲಿಗೆ ಒರಗಿದಳು. ಕಪೋನೋ ನೀರಿನ ಬಾಟಲಿ ಕೊಟ್ಟ. ಅವಳು ಕುಡಿದು, ಬಾಯೊರೆಸದೆ ಅವನಿಗೆ ವಾಪಸ್ಸು ಕೊಟ್ಟಳು. ಅವನು ಅದನ್ನು ಹಿಡಿದುಕೊಂಡೇ ನಿಂತ.

"ಮೇಲೆ ಚಿಕ್ಕಪ್ಪನ ಗಾಡಿ ಬಂದಿರುತ್ತೆ," ಎಂದ. "ನೀನು ಅದರಲ್ಲಿ ಹೋಗು. ನಾನು ಪುಪುಲೆನ ಕಟ್ಟಿಹಾಕಿ... ನನ್ನ ಕೋಣೆ ಅಲ್ಲೇ ಹತ್ತಿರ."

"ಹೂಂ."

"ಹೋಗೋದಾ?"

"ಯಾರು?"

"ನಾನು. ಕೋಣೆಗೆ."

"ನನ್ನನ್ನ ಯಾಕೆ ಕೇಳ್ತೀಯ?"

ಅವನು ಟೋಪಿಯ ಅಂಚನ್ನು ಸುತ್ತ ತಿರುಗಿಸಿದ.

"ಕವೆಹಿ... ನನಗೆ ನೀನಂದ್ರೆ ಅವತ್ತೂ ಪ್ರಾಣ, ಇವತ್ತೂ ಪ್ರಾಣ. ಅದನ್ನ ಹೇಳೋಕೆ ನನಗೆ ಮುಖ ಇಲ್ಲ. ಆದರೆ ಇವತ್ತು ಸುಮ್ಮನಿದ್ದರೆ ಇನ್ನೂ ಮೂರು ವರ್ಷ ಸುಮ್ಮನಿರ್ತೀನಿ, ನನ್ನ ಬುದ್ಧಿ ನನಗೆ ಗೊತ್ತು. ಮನೆಗೆ ಬರಲಾ?"

ಕವೆಹಿ ಮುಂದೆ ಬಂದು ತನ್ನ ಹಣೆಯನ್ನು ಅವನ ಹಣೆಗೆ, ಮೂಗನ್ನು ಮೂಗಿಗೆ ತಾಗಿಸಿ ನಿಂತಳು. ಇಬ್ಬರೂ ಒಂದೇ ಉಸಿರನ್ನು ಹಂಚಿಕೊಂಡರು. ಬೆಟ್ಟದ ತೆಳು ಗಾಳಿ ಇಬ್ಬರಿಗೂ ಸಾಲದಾಯಿತು, ಆದರೂ ಯಾರೂ ಮೊದಲು ಹಿಂದೆ ಸರಿಯಲಿಲ್ಲ.

"ಬಾ ಅಂತ ಕರೆಯೋಕೆ ನನಗೆ ಬರಲ್ಲ," ಎಂದಳು ಕಣ್ಣು ಮುಚ್ಚಿಕೊಂಡೇ. "ಆದರೆ ಬರದೇ ಇದ್ದರೆ ಸಿಟ್ಟು ಬರುತ್ತೆ."

"ಬಂದ ಮೇಲೂ ಸಿಟ್ಟು ಬಂದರೆ?"

"ಬರುತ್ತೆ. ಇನ್ನೂ ತುಂಬಾ ಬಾಕಿ ಇದೆ. ಕೂತ್ಕೊಂಡು ಬೈಸ್ಕೋಬೇಕು. ಎದ್ದು ಬೆಟ್ಟಕ್ಕೆ ಹೋಗೋ ಹಾಗಿಲ್ಲ."

"ಮತ್ತೆ... ಅವನ ನೆನಪಾಗಿ, ಮನೇಲಿ ಇರೋಕೇ ಆಗದೆ ಹೋದರೆ?"

ಕವೆಹಿ ಕಣ್ಣು ತೆರೆದಳು. ಅವನ ತರಚಿದ ಮುಂಗೈಯನ್ನು ತನ್ನ ಎರಡು ಕೈಯೊಳಗೆ ತೆಗೆದುಕೊಂಡಳು.

"ಆಗ ನನ್ನನ್ನೂ ಎಬ್ಬಿಸು. ಇಬ್ಬರೂ ಹೋಗೋಣ."